ಪೆಟ್ಟಿಗೆ ಮರೆಯುವುದಿಲ್ಲ ಎಂದು ಬರೆದುಕೊಟ್ಟವನು

ಮೊದಲೇ ಹೇಳಿಬಿಡುತ್ತೇನೆ: ಆ ಟೆಕ್ನಿಷಿಯನ್ ನನಗೆ ಹಿಡಿಸುತ್ತಿರಲಿಲ್ಲ, ಆತನಿಗೆ ನಾನೂ ಹಿಡಿಸುತ್ತಿರಲಿಲ್ಲ. ಸೌದಿಯ ಅಲ್ ಖಫ್ಜಿಯಲ್ಲಿ, ತೈಲ ಕ್ಷೇತ್ರದ ಒಳಗಿನ ನಮ್ಮ ಯಾರ್ಡಿನಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. "ಇಬ್ಬರೂ ಒಂದೇ ಊರಿನವರಾ" ಎಂದು ಯಾರಾದರೂ ಹಿಂದಿಯಲ್ಲಿ ಕೇಳಿದರೆ ಆತ, "ಅವರು ಮೈಸೂರು, ನಾನು ಉಳ್ಳಾಲ, ನಡುವೆ ದೊಡ್ಡ ಘಾಟಿ ಇದೆ" ಎಂದು ಹೇಳಿ ಹೊರಟುಹೋಗುತ್ತಿದ್ದ. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ದೊಡ್ಡವನು. ಸೌದಿಗೆ ಬಂದು ಹತ್ತೊಂಬತ್ತು ವರ್ಷವಾಗಿತ್ತು. ನಾನು ಎಂಜಿನಿಯರ್ ಎಂಬ ಕಾರಣಕ್ಕೆ ಸಾರ್ ಎನ್ನುತ್ತಿದ್ದ. ಅದರಲ್ಲಿ ಮರ್ಯಾದೆ ಎಷ್ಟಿತ್ತು ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ಯಾರ್ಡಿನ ಬೇಲಿಯ ಆಚೆಗೆ ಕಚ್ಚಾ ಗ್ಯಾಸಿನ ಪೈಪು ಹಾದುಹೋಗುತ್ತದೆ. ಅದರಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಸ್ವಲ್ಪ ಸೋರಿದರೆ ಕೊಳೆತ ಮೊಟ್ಟೆಯ ವಾಸನೆ. ಹೆಚ್ಚು ಸೋರಿದರೆ ಮೂಗೇ ಸತ್ತುಹೋಗಿ ವಾಸನೆ ನಿಂತಿತು ಅನ್ನಿಸುತ್ತದೆ, ಆಮೇಲೆ ಮನುಷ್ಯ ಬೀಳುತ್ತಾನೆ. ಅದಕ್ಕಾಗಿ ಬೇಲಿಯ ಬಳಿ ಒಂದು ಸೆನ್ಸರ್, ಅಲ್ಲಿಂದ ತಂತಿ ಎಳೆದು ಗೋಡೆಯ ಮೇಲೆ ಒಂದು ಅಲಾರಂ ಪೆಟ್ಟಿಗೆ. ಗ್ಯಾಸ್ ತಗುಲಿದ ಕೂಡಲೇ ಸೆನ್ಸರಿನ ತಲೆಯ ಮೇಲೆ ಕೆಂಪು ದೀಪ ಹತ್ತುತ್ತದೆ. ಪೆಟ್ಟಿಗೆ ಸೈರನ್ ಕೂಗಿಸುತ್ತದೆ, ಹೊತ್ತನ್ನು ತನ್ನ ನೆನಪಿನಲ್ಲಿ ಬರೆದಿಡುತ್ತದೆ. ಪೆಟ್ಟಿಗೆ ನಮ್ಮ ಕಂಪನಿಯದೇ ತಯಾರಿ. ಒಳಗಿನ ಪ್ರೊಸೆಸರಿಗೆ ತಳಮಟ್ಟದ ಕೋಡ್ ಬರೆದವನು ನಾನು.

ಅದನ್ನು ದಿನಕ್ಕೊಮ್ಮೆ ಪರೀಕ್ಷಿಸುವುದು ಆ ಟೆಕ್ನಿಷಿಯನ್ನನ ಕೆಲಸ. ಪೆಟ್ಟಿಗೆಯ ಕೀಲಿಯನ್ನು ಟೆಸ್ಟ್ ಕಡೆಗೆ ತಿರುಗಿಸಿದರೆ ಸೈರನ್ ಕೂಗುವುದಿಲ್ಲ, ದಾಖಲೆ ಮಾತ್ರ ಆಗುತ್ತದೆ. ಆಮೇಲೆ ಚಿಕ್ಕ ಸಿಲಿಂಡರಿನ ಗ್ಯಾಸನ್ನು ಸೆನ್ಸರಿಗೆ ಹಿಡಿಯಬೇಕು, ದೀಪ ಕೆಂಪಾದದ್ದನ್ನು ನೋಡಬೇಕು, ಲಾಗ್‌ಬುಕ್ಕಿನಲ್ಲಿ ಹೊತ್ತು ಬರೆದು ಸಹಿ ಹಾಕಬೇಕು. ಅಕ್ಟೋಬರ್ ಮುಗಿಯುವ ಹೊತ್ತಿಗೆ ತೈಲ ಕಂಪನಿಯ ಸುರಕ್ಷತಾ ಇನ್‌ಸ್ಪೆಕ್ಟರ್ ಬಂದ. ಸೌದಿಯವನು, ಮಾತು ಕಡಿಮೆ. ಪುಸ್ತಕವನ್ನೂ ಪೆಟ್ಟಿಗೆಯ ನೆನಪನ್ನೂ ಪಕ್ಕಪಕ್ಕ ಇಟ್ಟು ನೋಡಿದ. ಏಳು ದಿನ ಪುಸ್ತಕದಲ್ಲಿ ಸಹಿ ಇತ್ತು, ಪೆಟ್ಟಿಗೆಯಲ್ಲಿ ಏನೂ ಇರಲಿಲ್ಲ.

ಪರೀಕ್ಷೆ ಮಾಡದೆ ಸಹಿ ಹಾಕಿದ್ದಾನೆ. ಎಲ್ಲರಿಗೂ ಹೊಳೆದದ್ದು ಇದೊಂದೇ ಅರ್ಥ. ಗ್ಯಾಸಿನ ವಿಷಯದಲ್ಲಿ ಸುಳ್ಳು ಸಹಿ ಎಂದರೆ ಇಲ್ಲಿ ಕ್ಷಮೆ ಇಲ್ಲ. ಗೇಟ್ ಪಾಸ್ ರದ್ದಾಗುತ್ತದೆ, ಕಂಪನಿ ಫೈನಲ್ ಎಕ್ಸಿಟ್ ಹೊಡೆದು ಊರಿಗೆ ಕಳಿಸುತ್ತದೆ, ಮತ್ತೆ ಯಾವ ತೈಲ ಕ್ಷೇತ್ರದ ಗೇಟೂ ತೆರೆಯುವುದಿಲ್ಲ. ವಿಚಾರಣೆಗೆ ಎರಡು ವಾರ ಬಿಟ್ಟು ಒಂದು ಸೋಮವಾರ ನಿಗದಿಯಾಯಿತು. ಅದಕ್ಕೆ ನನ್ನಿಂದ ತಾಂತ್ರಿಕ ವರದಿ ಬೇಕು ಎಂದು ನಮ್ಮ ಸೈಟ್ ಮ್ಯಾನೇಜರ್ ಹೇಳಿದ.

ಬಿಡಿ ಪೆಟ್ಟಿಗೆಯೊಂದನ್ನು ನನ್ನ ಬೆಂಚಿನ ಮೇಲಿಟ್ಟು, ಸೆನ್ಸರಿನ ಬದಲು ಸಿಗ್ನಲ್ ಜನರೇಟರ್ ಜೋಡಿಸಿ, ಎರಡು ಸಾವಿರ ಸಲ ಗ್ಯಾಸ್ ಬಂದ ಹಾಗೆ ಸಂಕೇತ ಕೊಟ್ಟೆ. ಎರಡು ಸಾವಿರವೂ ದಾಖಲಾದವು. ಆ ಏಳು ದಿನ ಪುಸ್ತಕದಲ್ಲಿ ಬರೆದಿದ್ದ ಹೊತ್ತುಗಳದ್ದು ಎಂದು ಇನ್‌ಸ್ಪೆಕ್ಟರ್ ಕಳಿಸಿದ್ದ ಏಳು ಸಾಲಿನ ಪಟ್ಟಿ ನೋಡಿದೆ. ಮೊದಲನೆಯದು ಎರಡು ಐವತ್ತೈದಕ್ಕೆ, ಆಮೇಲೆ ಐವತ್ತೆರಡು, ಐವತ್ತು, ನಲವತ್ತೇಳು, ಹೀಗೆ ಇಳಿಯುತ್ತಲೇ ಹೋಗಿ ಕೊನೆಯದು ಎರಡು ಮೂವತ್ತೇಳು. ಒಮ್ಮೆಯೂ ಏರಿರಲಿಲ್ಲ. ಒಂದೇ ಕಡೆ ಕೂತು ಅಂದಾಜಿನಲ್ಲಿ ಗೀಚಿದ ಅಂಕಿಗಳು ಎಂದು ನನಗೆ ಖಾತ್ರಿಯಾಯಿತು. ಅದನ್ನೂ ಬರೆದೆ. ಕೊನೆಗೆ ಎರಡು ವಾಕ್ಯ ಸೇರಿಸಿದೆ: "ಪೆಟ್ಟಿಗೆ ಮರೆಯುವುದಿಲ್ಲ. ದಾಖಲೆ ಇಲ್ಲವೆಂದರೆ ಪರೀಕ್ಷೆ ನಡೆದಿಲ್ಲ." ಇಂಗ್ಲಿಷಿನಲ್ಲಿ ಇನ್ನೂ ಖಡಕ್ಕಾಗಿತ್ತು. ಸಹಿ ಹಾಕುವಾಗ ಖುಷಿಯಾಗಿತ್ತು ಎಂದರೆ ಸುಳ್ಳಲ್ಲ.

ಎರಡು ದಿನ ಬಿಟ್ಟು ಆತ ನನ್ನ ಪೋರ್ಟಾ ಕ್ಯಾಬಿನ್ನಿಗೆ ಬಂದ. ಕೈಯಲ್ಲಿ ವರದಿಯ ಜೆರಾಕ್ಸ್ ಇತ್ತು.

"ಸಾರ್, ಇದು ನೀವು ಬರೆದದ್ದಾ?"

"ಹೌದು."

"ನಾನು ಸುಳ್ಳು ಬರೆದದ್ದು ಅಂತ."

"ಪೆಟ್ಟಿಗೆಯಲ್ಲಿ ಏನಿದೆಯೋ ಅದನ್ನ ಬರೆದಿದೀನಿ."

"ಒಂದು ದಿನ ಯಾರ್ಡಿಗೆ ಬಂದು ನೋಡಿದ್ದೀರಾ ನೀವು?"

"ಬೆಂಚಿನ ಮೇಲೆ ಎರಡು ಸಾವಿರ ಸಲ ನೋಡಿದೀನಿ."

"ಬೆಂಚಿಗೆ ಎಸಿ ಉಂಟು ಸಾರ್. ಗ್ಯಾಸ್ ಬರುವುದು ಬೇಲಿ ಹತ್ತಿರ."

ನನಗೆ ಸಿಟ್ಟು ಬಂತು. "ಕೋಡ್ ಬಗ್ಗೆ ನಿಮಗೇನು ಗೊತ್ತಿದೆ?" ಎಂದೆ.

"ಕೋಡ್ ಎಂತದ್ದೂ ಗೊತ್ತಿಲ್ಲ. ದೀಪ ಕೆಂಪಾದ್ದು ಗೊತ್ತುಂಟು. ಏಳು ದಿನವೂ ಕೆಂಪಾಗಿದೆ. ನಿಮ್ಮ ಪೆಟ್ಟಿಗೆ ನೋಡ್ಲಿಲ್ಲ ಅಂತಾದ್ರೆ ಅದು ನಿಮ್ಮ ಪೆಟ್ಟಿಗೆಯ ಕಣ್ಣಿನ ದೋಷ." ಕಾಗದವನ್ನು ನನ್ನ ಕೀಬೋರ್ಡಿನ ಮೇಲೆ ಇಟ್ಟು ಹೋದ. ಬಾಗಿಲು ಹಾಕಲಿಲ್ಲ. ಹೊರಗಿನ ಬಿಸಿ ಎಲ್ಲ ಒಳಗೆ ಬಂತು.

ಆತನ ಬಾಯಿ ಮುಚ್ಚಿಸಬೇಕೆಂದೇ ನಾನು ಲಾಗ್‌ಬುಕ್ ತರಿಸಿಕೊಂಡೆ. ಒಳ್ಳೆಯ ಉದ್ದೇಶ ಒಂದಿಷ್ಟೂ ಇರಲಿಲ್ಲ. ಅಂಕಿಗಳ ಇಳಿಜಾರನ್ನು ಪೂರ್ತಿ ತಿಂಗಳಿಗೆ ಗ್ರಾಫ್ ಮಾಡಿ ವಿಚಾರಣೆಯಲ್ಲಿ ಎಲ್ಲರ ಮುಂದೆ ಹಿಡಿಯುವ ಯೋಚನೆ ನನ್ನದು. ಪುಸ್ತಕ ತೆರೆದರೆ ಉಳಿದ ದಿನಗಳೂ ಹಾಗೆಯೇ ಇಳಿದುಹೋಗಿದ್ದವು. ಆ ದಿನಗಳಲ್ಲಿ ಪೆಟ್ಟಿಗೆಯ ನೆನಪಿನಲ್ಲೂ ಅದೇ ಹೊತ್ತು, ನಿಮಿಷಕ್ಕೆ ನಿಮಿಷ ಹೊಂದುವಂತೆ ದಾಖಲಾಗಿತ್ತು. ಅಂದರೆ ಆತ ನಿಜವಾಗಿಯೂ ದಿನದಿಂದ ದಿನಕ್ಕೆ ಒಂದೊಂದು ನಿಮಿಷ ಮುಂಚೆ ಆ ಕೆಲಸ ಮಾಡುತ್ತಿದ್ದ. ಗೀಚಿದ ಅಂಕಿಯಲ್ಲ. ನಾನು ಬರೀ ಏಳು ಸಾಲು ನೋಡಿ ತೀರ್ಪು ಕೊಟ್ಟಿದ್ದೆ. ಪುಸ್ತಕ ನನ್ನ ಕ್ಯಾಬಿನ್ನಿನಿಂದ ನೂರು ಹೆಜ್ಜೆ ದೂರದಲ್ಲಿತ್ತು.

ಯಾರ್ಡಿಗೆ ಹೋಗಿ ಕೇಳಿದೆ. "ದಿನಾ ಒಂದೊಂದು ನಿಮಿಷ ಮುಂಚೆ ಯಾಕೆ ಮಾಡ್ತೀರಿ ಟೆಸ್ಟನ್ನ?"

ಆತ ಸ್ಪ್ಯಾನರ್ ಕೆಳಗಿಟ್ಟು ನನ್ನ ಮುಖ ನೋಡಿದ. "ನೀವು ಬಂದು ಆರು ವರ್ಷ ಆಯ್ತಲ್ಲ ಸಾರ್. ಅಸರ್ ಬಾಂಗ್ ಕೇಳುವುದಿಲ್ವಾ ನಿಮಗೆ?"

ಕೇಳುತ್ತಿತ್ತು. ಮಧ್ಯಾಹ್ನದ ಆ ನಮಾಜಿನ ಕರೆ ಯಾರ್ಡಿನ ಧ್ವನಿವರ್ಧಕದಲ್ಲಿ ದಿನವೂ ನನ್ನ ಕಿಟಕಿಗೇ ಬಂದು ಬಡಿಯುತ್ತಿತ್ತು. ನನಗೆ ಅದು ಸುಲೈಮಾನಿ ಚಹಾ ಕುಡಿಯುವ ಹೊತ್ತು, ಅಷ್ಟೆ. ಅದು ಗಡಿಯಾರ ನೋಡಿ ಬರುವುದಲ್ಲ, ಸೂರ್ಯನನ್ನು ನೋಡಿ ಬರುವುದು, ಚಳಿಗಾಲ ಹತ್ತಿರವಾದಂತೆ ದಿನದಿಂದ ದಿನಕ್ಕೆ ಮುಂಚೆ ಬರುತ್ತದೆ ಎನ್ನುವುದು ಆರು ವರ್ಷದಲ್ಲಿ ಒಮ್ಮೆಯೂ ನನ್ನ ತಲೆಗೆ ಹೊಕ್ಕಿರಲಿಲ್ಲ.

ಆತ ಹೇಳಿದ್ದು ಸರಳವಾಗಿತ್ತು. ಟೆಸ್ಟಿನ ಗ್ಯಾಸ್ ಹಿಡಿಯುವಾಗ ಹತ್ತಿರ ಯಾರೂ ಇರಬಾರದು. ಬಾಂಗ್ ಆದ ಕೂಡಲೇ ಮಷೀನುಗಳು ನಿಲ್ಲುತ್ತವೆ, ಎಲ್ಲರೂ ನಮಾಜಿನ ಶೆಡ್ಡಿನ ಕಡೆ ಹೋಗುತ್ತಾರೆ, ಬೇಲಿಯ ಬಳಿ ಖಾಲಿಯಾಗುತ್ತದೆ. ಆಗ ಗ್ಯಾಸ್ ಹಿಡಿದರೆ ನಾಲ್ಕು ನಿಮಿಷದ ಕೆಲಸ. ಮುಗಿಸಿ, ಕೈಕಾಲು ತೊಳೆದು ಜಮಾತಿನ ನಮಾಜಿಗೆ ಸೇರಬಹುದು.

"ಇದನ್ನ ಯಾರಿಗೂ ಯಾಕೆ ಹೇಳಲಿಲ್ಲ ನೀವು?"

"ಯಾರು ಕೇಳಿದ್ದು?"

ಬೇರೆ ಪ್ರಶ್ನೆ ಹಾಕಿದೆ. "ಆ ಏಳು ದಿನದಲ್ಲಿ ಬೇರೆ ಏನಾದರೂ ವಿಶೇಷ ಇತ್ತಾ?"

"ವಿಶೇಷ ಎಂತ ಇಲ್ಲ. ಬ್ಲಾಸ್ಟಿಂಗ್ ಇತ್ತು ಅಂತ ಕಾಣ್ತದೆ. ಆ ದೊಡ್ಡ ಕಂಪ್ರೆಸರ್ ಉಂಟಲ್ಲ, ಅದನ್ನು ನಿಲ್ಲಿಸುವಾಗ ಲೈಟ್ ಎಲ್ಲ ಮಿಣುಕುತ್ತದೆ."

ಯಾರ್ಡಿಗೆ ಕರೆಂಟು ನಮ್ಮದೇ ಜನರೇಟರಿನದು. ಮರಳು ಚಿಮ್ಮಿಸಿ ಉಕ್ಕಿನ ತುಕ್ಕು ತೆಗೆಯುವ ಬ್ಲಾಸ್ಟಿಂಗಿನ ಕಂಪ್ರೆಸರ್, ವೆಲ್ಡಿಂಗ್ ಸೆಟ್ಟುಗಳು, ಕ್ರೇನು, ಎಲ್ಲ ಒಂದರ ಹಿಂದೊಂದು ನಿಂತರೆ ವೋಲ್ಟೇಜ್ ಒಂದೆರಡು ನಿಮಿಷ ಕುಣಿಯುತ್ತದೆ. ನನ್ನ ಪೆಟ್ಟಿಗೆ ವೋಲ್ಟೇಜ್ ಕುಸಿಯುವುದನ್ನೂ ಕಾಯುತ್ತದೆ. ಬೆಂಚಿನ ಮೇಲೆ ಅದು ಕುಸಿದೇ ಇರಲಿಲ್ಲ.

ಇಲ್ಲಿ ಸ್ವಲ್ಪ ವಿವರಿಸಬೇಕು. ಪ್ರೊಸೆಸರ್ ತನ್ನ ಪಾಡಿಗೆ ಕೆಲಸ ಮಾಡುತ್ತಿರುವಾಗ ಹೊರಗಿನಿಂದ ಬಂದು, ಅದನ್ನು ಬಿಡು, ಮೊದಲು ಇದನ್ನು ನೋಡು ಎನ್ನುವ ಕರೆಗೆ ಇಂಟರಪ್ಟ್ ಎನ್ನುತ್ತಾರೆ. ಗ್ಯಾಸಿನ ಕರೆಯೂ ವೋಲ್ಟೇಜಿನ ಕರೆಯೂ ನಮ್ಮ ಪೆಟ್ಟಿಗೆಯಲ್ಲಿ ಒಂದೇ ಬಾಗಿಲಿಗೆ ಬರುತ್ತವೆ. ಕರೆದವರು ಯಾರು ಎನ್ನುವುದು ಪ್ರೊಸೆಸರಿನ ಒಂದು ರಿಜಿಸ್ಟರಿನಲ್ಲಿ, ಒಬ್ಬೊಬ್ಬರಿಗೆ ಒಂದೊಂದು ಬಿಟ್‌ನಂತೆ, ಗುರುತಾಗಿರುತ್ತದೆ. ಬಾಗಿಲು ತೆರೆದು ನೋಡಿದರೆ ಯಾರ ಗುರುತೂ ಇಲ್ಲದಿದ್ದರೆ ಎಣಿಸಿಡಲಿ ಎಂದು ನಾನೇ ಒಂದು ಲೆಕ್ಕ ಇಟ್ಟಿದ್ದೆ. ವರದಿ ಬರೆಯುವ ಮೊದಲು ಯಾರ್ಡಿನ ಪೆಟ್ಟಿಗೆಯಿಂದ ಇಳಿಸಿಕೊಂಡ ಮಾಹಿತಿಯಲ್ಲಿ ಅದು ಒಂಬತ್ತು ಎಂದು ತೋರಿಸಿತ್ತು. ಸೊನ್ನೆ ಇರಬೇಕಾದ ಜಾಗ. ಏನೋ ವಿದ್ಯುತ್ ಗಲಾಟೆ ಇರಬೇಕು ಎಂದುಕೊಂಡು ವರದಿಯಲ್ಲಿ ಬಿಟ್ಟುಬಿಟ್ಟಿದ್ದೆ. ಇದನ್ನು ಆ ಟೆಕ್ನಿಷಿಯನ್ನನಿಗೆ ಆಗ ನಾನು ಹೇಳಲಿಲ್ಲ.

ಯಾರ್ಡಿನಲ್ಲಿ ಮತ್ತೆ ಪರೀಕ್ಷೆ ಮಾಡುತ್ತೇನೆ ಎಂದಾಗ ಮ್ಯಾನೇಜರ್ ತಲೆ ಎತ್ತದೆ ಹೇಳಿದ, "ವರದಿ ಕೊಟ್ಟಾಯಿತಲ್ಲ. ಕೆರೆದು ಹುಣ್ಣು ಮಾಡಬೇಡಿ." ಕ್ಯಾಲಿಬ್ರೇಷನ್ ಬಾಕಿ ಇದೆ ಎಂದು ಸುಳ್ಳು ಹೇಳಿ ಅನುಮತಿ ಪಡೆದೆ. ಪೆಟ್ಟಿಗೆಯ ಒಳಗೆ ಮೂರು ತಂತಿ ಜೋಡಿಸಿದೆ: ಸೆನ್ಸರಿನ ಸಂಕೇತಕ್ಕೆ ಒಂದು, ವೋಲ್ಟೇಜ್ ಎಚ್ಚರಿಕೆಗೆ ಒಂದು, ಪ್ರೊಸೆಸರ್ ಕರೆಗೆ ಓಗೊಟ್ಟಿತೇ ಎಂದು ತೋರಿಸುವ ಪಿನ್ನಿಗೆ ಇನ್ನೊಂದು. ಅವನ್ನು ಲಾಜಿಕ್ ಅನಲೈಸರ್ ಮೂಲಕ ಲ್ಯಾಪ್‌ಟಾಪಿಗೆ ತಂದೆ. ಮೂರೂ ಗೆರೆಗಳು ಒಂದರ ಕೆಳಗೊಂದು ಓಡುತ್ತವೆ.

ಬುಧವಾರ ಬಾಂಗ್ ಆಯಿತು. ಆತ ಗ್ಯಾಸ್ ಹಿಡಿದ. ದೀಪ ಕೆಂಪಾಯಿತು, ದಾಖಲೆಯೂ ಆಯಿತು. ಆ ದಿನ ಬ್ಲಾಸ್ಟಿಂಗ್ ಇರಲಿಲ್ಲ, ವೋಲ್ಟೇಜಿನ ಗೆರೆ ಅಲುಗಾಡಲಿಲ್ಲ.

"ನಿಮ್ಮ ಪೆಟ್ಟಿಗೆ ನಿಮ್ಮ ಎದುರಿಗೆ ಒಳ್ಳೆ ಮಕ್ಕಳ ಹಾಗೆ ಇರ್ತದೆ," ಎಂದ.

ಗುರುವಾರ ಧೂಳಿನ ಬಿರುಗಾಳಿ, ಯಾರ್ಡ್ ಬಂದ್. ಶುಕ್ರವಾರ ರಜೆ. ಶನಿವಾರ ಕಂಪ್ರೆಸರ್ ಓಡುತ್ತಿತ್ತು. ಬಾಂಗ್ ಕೇಳಿಸಿತು, ಮಷೀನುಗಳು ನಿಂತವು, ವೋಲ್ಟೇಜಿನ ಗೆರೆ ನಾನು ಅಂದುಕೊಂಡ ಹಾಗೆಯೇ ಕುಸಿದು ಕುಸಿದು ಎದ್ದಿತು. ಆದರೆ ಗ್ಯಾಸ್ ತಡವಾಯಿತು. ದೀಪ ಕೆಂಪಾಗುವಷ್ಟರಲ್ಲಿ ಎಲ್ಲ ತಣ್ಣಗಾಗಿತ್ತು, ದಾಖಲೆ ಸರಿಯಾಗಿ ಬಂತು.

"ಯಾಕ್ರೀ ತಡ ಮಾಡಿದ್ರಿ?" ಎಂದು ರೇಗಿದೆ.

"ನಿಮ್ಮ ವಯರು ಕಾಲಿಗೆ ಸಿಕ್ಕಿತು. ಬೀಳಬೇಕಿತ್ತಾ ನಾನು?"

"ಸೋಮವಾರ ವಿಚಾರಣೆ ಇರೋದು ನಿಮಗೆ."

"ನನಗೆ ಗೊತ್ತುಂಟು ಸಾರ್. ನಿಮಗೆ ನೆನಪಾದದ್ದು ಈಗ." ಸಿಲಿಂಡರಿನ ವಾಲ್ವ್ ಮುಚ್ಚಿ ಶೆಡ್ಡಿನ ಕಡೆ ನಡೆದ. ಉಳಿದದ್ದು ಭಾನುವಾರ ಒಂದೇ. ಅಂದು ಬ್ಲಾಸ್ಟಿಂಗ್ ಇಲ್ಲದಿದ್ದರೆ ನನ್ನ ವರದಿಯೇ ಕೊನೆಯ ಮಾತು.

ಭಾನುವಾರ ಬ್ಲಾಸ್ಟಿಂಗ್ ಇತ್ತು. ಬಾಂಗ್ ಶುರುವಾಗುವಾಗಲೇ ಆತ ಸೆನ್ಸರಿನ ಬಳಿ ನಿಂತಿದ್ದ. ಕಂಪ್ರೆಸರ್ ಸದ್ದು ನಿಂತಿತು. ನನ್ನ ಪರದೆಯ ಮೇಲೆ ವೋಲ್ಟೇಜಿನ ಗೆರೆ ಒಂದು ಸಲ ಕುಸಿಯಿತು, ಎರಡು, ಮೂರು. ಅದರ ನಡುವೆ ಸೆನ್ಸರಿನ ಗೆರೆ ಎದ್ದು ನಿಂತಿತು. ತಲೆ ಎತ್ತಿ ನೋಡಿದರೆ ದೀಪ ಕೆಂಪಗೆ ಉರಿಯುತ್ತಿತ್ತು. ಪೆಟ್ಟಿಗೆಯ ದಾಖಲೆ ಖಾಲಿ. ಯಾರದೂ ಅಲ್ಲದ ಕರೆಗಳ ಲೆಕ್ಕದಲ್ಲಿ ಒಂದು ಹೆಚ್ಚಿತ್ತು.

"ಬಂತಾ?" ಎಂದು ಆತ ಅಲ್ಲಿಂದಲೇ ಕೇಳಿದ.

"ದೀಪ ಬಂತು. ದಾಖಲೆ ಬರಲಿಲ್ಲ."

ನಾನು ಹೇಳಿದ್ದೆನಲ್ಲ ಎನ್ನುತ್ತಾನೆ ಎಂದುಕೊಂಡಿದ್ದೆ. ಎನ್ನಲಿಲ್ಲ. ಹತ್ತಿರ ಬಂದು ಲಾಗ್‌ಬುಕ್ಕಿನಲ್ಲಿ ಹೊತ್ತು ಬರೆದು ಸಹಿ ಹಾಕಿದ. ಆಮೇಲೆ ಶೆಡ್ಡಿನ ಕಡೆ ಕೈ ತೋರಿಸಿದ. ಬಾಗಿಲಲ್ಲಿ ಚಪ್ಪಲಿ, ಬೂಟುಗಳ ರಾಶಿ.

"ಟೆಸ್ಟ್ ಅಲ್ಲ, ನಿಜವಾದ ಗ್ಯಾಸ್ ಬಂದಿದ್ರೆ ಸೈರನ್ ಕೂಗ್ತಿತ್ತಾ ಸಾರ್?"

"ಇಲ್ಲ." ದಾಖಲೆಗೂ ಸೈರನ್ನಿಗೂ ದಾರಿ ಒಂದೇ.

"ಹೌದಲ್ಲ. ಈಗ ನಾವೆಲ್ಲ ಒಂದೇ ಕಡೆ ಇರುವ ಹೊತ್ತು," ಎಂದು ಹೇಳಿ ಕೈಕಾಲು ತೊಳೆಯಲು ಹೋದ. ನಾನು ಬಿಸಿಲಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಅಲ್ಲೇ ನಿಂತಿದ್ದೆ. ಹೆದರಿಕೆಯಾಗಿತ್ತು. ಶೆಡ್ಡಿನಿಂದ ಬೇಲಿಗೆ ಮೂವತ್ತು ಮೀಟರ್ ಕೂಡ ಇಲ್ಲ.

ತಪ್ಪು ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಎಲ್ಲಿ ನೋಡಬೇಕೆಂದು ಗೊತ್ತಾದ ಮೇಲೆ ಒಂದು ಗಂಟೆಯ ಕೆಲಸ. ವೋಲ್ಟೇಜ್ ಕುಸಿದಾಗ ನನ್ನ ಕೋಡ್ ಮುಖ್ಯವಾದ ಅಂಕಿಗಳನ್ನೆಲ್ಲ ಶಾಶ್ವತ ಮೆಮೊರಿಗೆ ಬರೆಯುತ್ತದೆ. ಅದು ನಿಧಾನದ ಮೆಮೊರಿ, ಎರಡು ಸೆಕೆಂಡು ಹಿಡಿಯುತ್ತದೆ. ಬರೆದು ಮುಗಿಸಿದ ಮೇಲೆ ವೋಲ್ಟೇಜಿನ ಗುರುತನ್ನು ರಿಜಿಸ್ಟರಿನಿಂದ ಅಳಿಸುತ್ತದೆ. ಈ ರಿಜಿಸ್ಟರಿನ ನಿಯಮ ತಲೆಕೆಳಗು: ಒಂದು ಬಿಟ್ಟನ್ನು ಅಳಿಸಬೇಕಾದರೆ ಅಲ್ಲಿಗೆ ಒಂದು ಎಂಬ ಅಂಕಿ ಬರೆಯಬೇಕು. ಸೊನ್ನೆ ಬರೆದರೆ ಇದ್ದದ್ದು ಹಾಗೇ ಉಳಿಯುತ್ತದೆ. ನಾನು ಮಾಮೂಲಿ ಅಭ್ಯಾಸದಂತೆ, ಇದ್ದದ್ದನ್ನು ಓದು, ಅದಕ್ಕೆ ನನ್ನ ಬಿಟ್ ಸೇರಿಸು, ಮತ್ತೆ ಬರೆ ಎಂದು ಬರೆದಿದ್ದೆ. ಆ ಎರಡು ಸೆಕೆಂಡಿನೊಳಗೆ ಗ್ಯಾಸಿನ ಕರೆ ಬಂದು ಕಾಯುತ್ತಿದ್ದರೆ ಅದರ ಜಾಗದಲ್ಲೂ ಒಂದು ಇರುತ್ತದೆ. ಅದನ್ನೂ ಓದಿ, ಅದನ್ನೂ ವಾಪಸ್ ಬರೆದು, ಅದನ್ನೂ ಅಳಿಸಿಬಿಡುತ್ತಿತ್ತು. ಆಮೇಲೆ ಪ್ರೊಸೆಸರ್ ಯಾರೋ ಕರೆದರಲ್ಲ ಎಂದು ಮತ್ತೆ ಬಾಗಿಲು ತೆರೆದರೆ ಯಾರೂ ಇಲ್ಲ. ಆ ಒಂಬತ್ತರಲ್ಲಿ ಏಳು ಕರೆ ಯಾವುವೆಂದು ಆಗ ಗೊತ್ತಾಯಿತು. ಉಳಿದೆರಡು ಆ ತಿಂಗಳಿಗಿಂತ ಹಿಂದಿನವಿರಬೇಕು.

ಅಷ್ಟೇ ಆಗಿದ್ದರೂ ಅನಾಹುತ ತಪ್ಪುತ್ತಿತ್ತು. ಹಳೆಯ ಕೋಡಿನಲ್ಲಿ ಸೆಕೆಂಡಿಗೊಮ್ಮೆ ಸೆನ್ಸರಿನ ತಂತಿಯನ್ನು ನೇರವಾಗಿ ಓದುವ ನಾಲ್ಕು ಸಾಲು ಇದ್ದವು. ಇಂಟರಪ್ಟ್ ಇರುವಾಗ ಇದೆಲ್ಲ ದಂಡ, ಬ್ಯಾಕಪ್ ಬ್ಯಾಟರಿ ತಿನ್ನುತ್ತದೆ ಎಂದು ಅವನ್ನು ತೆಗೆದವನೂ ನಾನೇ. ಈ ಚಿಪ್ಪಿನ ಪುಸ್ತಕದಲ್ಲಿ ರಿಜಿಸ್ಟರಿನ ನಿಯಮ ಸ್ಪಷ್ಟವಾಗಿ ಅಚ್ಚಾಗಿದೆ. ಆ ಪುಟವನ್ನು ನಾನು ಓದಿದ್ದೆ, ಪೆನ್ಸಿಲಿನಲ್ಲಿ ಗೆರೆಯನ್ನೂ ಹಾಕಿದ್ದೆ.

ಐದು ಗಂಟೆಗೆ ಮ್ಯಾನೇಜರನಿಗೆ ತೋರಿಸಿದೆ. ಆತ ದಡ್ಡನಲ್ಲ, ಒಂದೇ ನಿಮಿಷದಲ್ಲಿ ಅರ್ಥ ಮಾಡಿಕೊಂಡ. ಬಾಗಿಲು ಹಾಕಿ ಬಂದು ಕೂತ.

"ಸರಿ ಮಾಡಿ. ಮುಂದಿನ ಅಪ್‌ಡೇಟಿನಲ್ಲಿ ಸದ್ದಿಲ್ಲದೆ ಸೇರಿಸಿ," ಎಂದ.

"ನಾಳೆ ವಿಚಾರಣೆ ಇದೆ."

"ನಾಳೆಯದು ನಾಳೆ ನಡೆಯುತ್ತದೆ. ಒಂಬತ್ತು ಯಾರ್ಡಿನಲ್ಲಿ ಇದೇ ಪೆಟ್ಟಿಗೆ ಇದೆ. ಕೆಟ್ಟಿದೆ ಎಂದು ನಾವೇ ಹೇಳಿದರೆ ಗುತ್ತಿಗೆ ಹೋಯಿತು. ಆತ ಹೇಗೂ ಹತ್ತೊಂಬತ್ತು ವರ್ಷ ದುಡಿದಿದ್ದಾನೆ, ಊರಿಗೆ ಹೋಗುವ ವಯಸ್ಸೇ."

"ಸುಳ್ಳುಗಾರ ಅನ್ನಿಸಿಕೊಂಡು ಹೋಗಬೇಕಾ?"

"ಹಾಗೆಂದು ಬರೆದವರು ನೀವು, ನಾನಲ್ಲ." ಆಮೇಲೆ ಮೇಜಿನ ಕಾಗದ ಜೋಡಿಸುತ್ತಾ ಸೇರಿಸಿದ, "ನಿಮ್ಮ ಇಕಾಮಾ ಮುಂದಿನ ತಿಂಗಳು ನವೀಕರಣಕ್ಕೆ ಬರುತ್ತದೆ, ಅಲ್ಲವೇ?"

ಇಕಾಮಾ ಎಂದರೆ ಈ ದೇಶದಲ್ಲಿರಲು ಪರವಾನಗಿ, ಅದು ಕಂಪನಿಯ ಕೈಯಲ್ಲಿದೆ. ನಾನು ಧೀರನಲ್ಲ. ಆತನ ಕೋಣೆಯಿಂದ ಹೊರಬಂದಾಗ ಬಾಯಿ ಮುಚ್ಚಿಕೊಂಡಿರುವುದೇ ವಾಸಿ ಎಂದುಕೊಂಡಿದ್ದೆ. ಸದ್ದಿಲ್ಲದೆ ಸರಿಪಡಿಸಿದರೂ ಪೆಟ್ಟಿಗೆ ಸರಿಯಾಗುತ್ತದೆ, ಜೀವ ಉಳಿಯುತ್ತದೆ, ಉಳಿದದ್ದು ಟೆಕ್ನಿಷಿಯನ್ನನ ಹಣೆಬರಹ ಎಂದು ನನಗೆ ನಾನೇ ವಕೀಲಿ ಮಾಡಿಕೊಂಡೆ. ಆದರೆ ಒಂಬತ್ತೂ ಯಾರ್ಡಿಗೆ ಅಪ್‌ಡೇಟ್ ಮುಟ್ಟಲು ಎರಡು ತಿಂಗಳಾದರೂ ಬೇಕು. ಅಲ್ಲಿಯತನಕ ದಿನವೂ ಅದೇ ಹೊತ್ತಿಗೆ, ಅದೇ ಶೆಡ್ಡುಗಳು ತುಂಬುತ್ತವೆ. ದಾರಿಯಲ್ಲಿ ಸಂಜೆಯ ನಮಾಜಿಗೆ ಬಂದವರ ಬೂಟುಗಳ ರಾಶಿಯನ್ನು ದಾಟಿಯೇ ಬರಬೇಕಾಗಿತ್ತು. ಆತನ ಮೇಲಿನ ಪ್ರೀತಿಯಿಂದ ನಾನು ಮನಸ್ಸು ಬದಲಿಸಿದೆ ಎಂದು ಯಾರೂ ತಿಳಿಯಬಾರದು. ಕ್ಯಾಬಿನ್ನಿಗೆ ಬಂದು ಕೂತು ಅರ್ಧ ಪುಟ ಬರೆದೆ: ಹಿಂದಿನ ವರದಿಯನ್ನು ವಾಪಸ್ ಪಡೆಯುತ್ತೇನೆ. ಪೆಟ್ಟಿಗೆ ಮರೆತಿದೆ. ತಪ್ಪು ನನ್ನ ಕೋಡಿನದು. ಪರೀಕ್ಷೆಗಳು ನಡೆದಿವೆ. ಅನಲೈಸರಿನ ಚಿತ್ರಗಳನ್ನು ಜೊತೆಗಿಟ್ಟು ನೇರವಾಗಿ ಇನ್‌ಸ್ಪೆಕ್ಟರನಿಗೇ ಕಳಿಸಿದೆ, ಮ್ಯಾನೇಜರನಿಗೆ ಪ್ರತಿ ಇಟ್ಟೆ.

ಸೋಮವಾರ ಬೆಳಿಗ್ಗೆ ಮೀಟಿಂಗ್ ಕ್ಯಾಬಿನ್ನಿನಲ್ಲಿ ನಾಲ್ಕೇ ಜನ. ಮ್ಯಾನೇಜರ್ ನನ್ನ ಕಡೆ ನೋಡಲಿಲ್ಲ. ಟೆಕ್ನಿಷಿಯನ್ ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ನಾನು ಬರೆದದ್ದು ಆತನಿಗೆ ಇನ್ನೂ ಗೊತ್ತಿರಲಿಲ್ಲ. ಇನ್‌ಸ್ಪೆಕ್ಟರ್ ಅರ್ಧ ಪುಟವನ್ನು ಎರಡು ಸಲ ಓದಿ ಇಂಗ್ಲಿಷಿನಲ್ಲಿ ಕೇಳಿದ, "ಈ ಪೆಟ್ಟಿಗೆ ಇನ್ನೆಷ್ಟು ಕಡೆ ಇದೆ?"

ಮ್ಯಾನೇಜರ್ ಬಾಯಿ ತೆರೆಯುವ ಮೊದಲು ನಾನೇ ಹೇಳಿದೆ. "ಇದೂ ಸೇರಿ ಒಂಬತ್ತು."

ಇನ್‌ಸ್ಪೆಕ್ಟರ್ ಫೋನ್ ತೆಗೆದು ಅರಬ್ಬಿಯಲ್ಲಿ ಮಾತಾಡಿದ. ಕೈಯಲ್ಲಿ ಹಿಡಿಯುವ ಗ್ಯಾಸ್ ಮೀಟರ್ ತಲುಪುವ ತನಕ ಒಂಬತ್ತೂ ಕಡೆ ಬೇಲಿಯ ಪಕ್ಕದ ಕೆಲಸ ಬಂದ್, ನಮಾಜಿನ ಶೆಡ್ ಕೂಡ ಬೇರೆ ಕಡೆಗೆ. ಫೋನ್ ಇಟ್ಟು ನನ್ನ ಮೊದಲ ವರದಿಯನ್ನು ಎತ್ತಿ ಹಿಡಿದ.

"ಪೆಟ್ಟಿಗೆ ಮರೆಯುವುದಿಲ್ಲ ಎಂದು ಏಕೆ ಬರೆದೆ?"

"ಬೆಂಚಿನ ಮೇಲೆ ಮರೆಯಲಿಲ್ಲ."

"ನಾವು ನಿನ್ನ ಬೆಂಚಿನ ಪಕ್ಕದಲ್ಲಿ ನಮಾಜ್ ಮಾಡುವುದಿಲ್ಲ," ಎಂದ. ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿರುತ್ತಿತ್ತು.

ಟೆಕ್ನಿಷಿಯನ್ನನ ಮೇಲಿನ ಆರೋಪ ಬಿದ್ದುಹೋಯಿತು. ನನ್ನ ಗೇಟ್ ಪಾಸ್ ಅಮಾನತಾಯಿತು. ಒಂಬತ್ತು ಪೆಟ್ಟಿಗೆಗಳನ್ನು ಸರಿಮಾಡಲು ಮಾತ್ರ, ಅದೂ ಜೊತೆಗೆ ಒಬ್ಬರಿದ್ದರೆ, ಒಳಗೆ ಬಿಡುತ್ತಾರೆ. ಆ ಒಬ್ಬರು ಯಾರು ಎಂದು ಇನ್‌ಸ್ಪೆಕ್ಟರ್ ಬಾಗಿಲ ಪಕ್ಕದ ಕುರ್ಚಿಯ ಕಡೆ ಬೆರಳು ಮಾಡಿ ತೋರಿಸಿದ. ಆತ ಸಹಿ ಹಾಕದೆ ಯಾವ ಪೆಟ್ಟಿಗೆಯ ರಿಪೇರಿಯೂ ಮುಗಿದಂತಲ್ಲ. ಹೊರಗೆ ಬಂದ ಮೇಲೆ ಟೆಕ್ನಿಷಿಯನ್ ನನಗೆ ಕೃತಜ್ಞತೆಯ ಮಾತು ಹೇಳಲಿಲ್ಲ. ಹೇಳಬೇಕಾದ ಕಾರಣವೂ ಇರಲಿಲ್ಲ. "ಗಾಡಿ ನಾನು ಓಡಿಸ್ತೇನೆ," ಎಂದಷ್ಟೇ ಹೇಳಿದ.

ಕೋಡ್ ತಿದ್ದಿದೆ. ರಿಜಿಸ್ಟರಿಗೆ ಈಗ ಅಳಿಸಬೇಕಾದ ಒಂದು ಬಿಟ್ ಮಾತ್ರ ಹೋಗುತ್ತದೆ, ಅದೂ ಬಾಗಿಲು ತೆರೆದ ಕೂಡಲೇ. ಎರಡು ಸೆಕೆಂಡಿನ ಬರವಣಿಗೆಯನ್ನು ಇಂಟರಪ್ಟಿನ ಒಳಗಿನಿಂದ ತೆಗೆದು ಹೊರಗಿನ ಸಾಮಾನ್ಯ ಕೆಲಸಗಳ ಸಾಲಿಗೆ ಹಾಕಿದೆ. ಸೆಕೆಂಡಿಗೊಮ್ಮೆ ಸೆನ್ಸರ್ ಓದುವ ನಾಲ್ಕು ಸಾಲನ್ನು ವಾಪಸ್ ತಂದೆ. ಪ್ರತಿ ಯಾರ್ಡಿನಲ್ಲೂ ಎಲ್ಲರಿಗೂ ಮೊದಲೇ ತಿಳಿಸಿ, ಕೀಲಿಯನ್ನು ಟೆಸ್ಟಿಗೆ ತಿರುಗಿಸದೆ, ದೊಡ್ಡ ಮಷೀನುಗಳು ನಿಲ್ಲುವ ಆ ಹೊತ್ತಿಗೇ ಆತ ಗ್ಯಾಸ್ ಹಿಡಿಯುತ್ತಿದ್ದ. ಸೈರನ್ ಕೂಗಬೇಕು. ಐದು ದಿನ ಬಿಡದೆ ಕೂಗಿದರೆ ಮಾತ್ರ ಸಹಿ. ನಾಲ್ಕನೇ ದಿನ ಬ್ಲಾಸ್ಟಿಂಗ್ ಇರಲಿಲ್ಲವೆಂದು ಒಂದು ಕಡೆ ಐದನ್ನೂ ಮೊದಲಿನಿಂದ ಮಾಡಿಸಿದ. ನಾನು ಬಾಯಿಗೆ ಬಂದದ್ದು ಬೈದೆ. ಆತ ಕೇಳಿಸಿಕೊಂಡು, "ಆಯ್ತಾ? ಹಾಗಾದ್ರೆ ನಾಳೆಯಿಂದ ಒಂದು," ಎಂದ. ನನ್ನ ಇಕಾಮಾವನ್ನು ಮ್ಯಾನೇಜರ್ ಮೂರೇ ತಿಂಗಳಿಗೆ ನವೀಕರಿಸಿದ.

ಕೊನೆಯದು ನಮ್ಮದೇ ಯಾರ್ಡ್, ಆ ಮೊದಲ ಪೆಟ್ಟಿಗೆ. ಐದನೇ ದಿನ ಕೇಬಲ್ ಬಿಚ್ಚಲು ಪೆಟ್ಟಿಗೆಯ ಬಾಗಿಲು ತೆಗೆದರೆ ಒಳಮೈಗೆ ಒಂದು ಕಾಗದ ಅಂಟಿಸಿತ್ತು, ಲ್ಯಾಮಿನೇಷನ್ ಮಾಡಿಸಿದ್ದು. ನನ್ನ ಮೊದಲ ವರದಿಯ ಕೊನೆಯ ಪುಟ. ಆ ಎರಡು ವಾಕ್ಯಗಳ ಕೆಳಗೆ ಗೆರೆ, ಅದರ ಕೆಳಗೆ ನನ್ನ ಸಹಿ.

"ಇದನ್ನ ತೆಗೀರಿ," ಎಂದೆ.

"ಯಾಕೆ ಸಾರ್? ನೀವೇ ಬರೆದದ್ದಲ್ವಾ?"

"ಅದನ್ನ ನಾನು ವಾಪಸ್ ತಗೊಂಡಿದೀನಿ."

"ಅದೂ ಉಂಟು, ಕೆಳಗೆ ನೋಡಿ."

ಕೆಳಗೆ ನನ್ನ ಅರ್ಧ ಪುಟ, ಅದಕ್ಕೂ ಲ್ಯಾಮಿನೇಷನ್.

"ನಾಳೆ ಇನ್ನೊಬ್ಬ ಇಂಜಿನಿಯರ್ ಬರ್ತಾನೆ. ನನ್ನ ಜಾಗದಲ್ಲೂ ಇನ್ನೊಬ್ಬ ಇರ್ತಾನೆ. ಅವನನ್ನು ಸುಳ್ಳುಗಾರ ಅಂತ ಹೇಳುವ ಮೊದಲು ಈ ಎರಡನ್ನೂ ಓದ್ಲಿ," ಎಂದ.

ಕಿತ್ತು ಹಾಕುವಷ್ಟು ಸಿಟ್ಟು ನನಗೆ ಬಂದಿತ್ತು. ಒಂದು ಮೂಲೆಯನ್ನು ಉಗುರಿನಿಂದ ಎಬ್ಬಿಸಿಯೂ ಇದ್ದೆ. ಅಷ್ಟರಲ್ಲಿ ಬಾಂಗ್ ಆಯಿತು. ಆತ ಸಿಲಿಂಡರ್ ಎತ್ತಿಕೊಂಡು ಬೇಲಿಯ ಕಡೆ ನಡೆದ. ಕಂಪ್ರೆಸರ್ ನಿಂತಿತು, ಲೈಟುಗಳು ಮಿಣುಕಿದವು, ದೀಪ ಕೆಂಪಾಯಿತು, ಸೈರನ್ ಕಿವಿ ಹರಿಯುವ ಹಾಗೆ ಕೂಗಿತು. ಎಬ್ಬಿಸಿದ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಮತ್ತೆ ಅಂಟಿಸಿ ಬಾಗಿಲು ಮುಚ್ಚಿದೆ.

ಆತ ವಾಪಸ್ ಬಂದು ಲಾಗ್‌ಬುಕ್ಕನ್ನು ನನ್ನ ಕೈಗೆ ಕೊಟ್ಟ. "ಇವತ್ತು ನೀವು ಬರೀರಿ."

ಬರೆದೆ, ಸಹಿ ಹಾಕಿದೆ. ಆತ ಪುಸ್ತಕ ತೆಗೆದುಕೊಂಡು, ನಾನು ಬರೆದ ಹೊತ್ತನ್ನು ತನ್ನ ಕೈಗಡಿಯಾರದ ಜೊತೆ ಹೋಲಿಸಿ ನೋಡಿ, ಆಮೇಲೆ ಪಕ್ಕದಲ್ಲಿ ತನ್ನ ಸಹಿ ಹಾಕಿದ.